ಅಡಿಕೆ ತೋಟದ ಸಮೀಕ್ಷೆ: ಸರಾಸರಿ ಇಳುವರಿಗೂ ಕೊಳೆ ರೋಗದ ಪ್ರಮಾಣಕ್ಕೂ ವಿಶ್ವಾಸಾಂತರ ಕಟ್ಟುವುದು ಹೇಗೆ?

ಪ್ರಶ್ನೆ: ಬೆಟ್ಟದಂಚು (ಶಿರಸಿ)

ಎಲ್ಲರಿಗೂ ನಮಸ್ಕಾರ. ಪದವಿಯ ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ನಮ್ಮೂರಿನ ಸುತ್ತಮುತ್ತಲ ಅಡಿಕೆ ತೋಟಗಳಲ್ಲಿ ಒಂದು ಸಣ್ಣ ಸಮೀಕ್ಷೆ ನಡೆಸಿದ್ದೇನೆ. ಲೆಕ್ಕ ಮುಗಿದಿದೆ, ಆದರೆ ವರದಿಯಲ್ಲಿ ಯಾವ ಅಂಕಿಯನ್ನು ಬರೆಯಬೇಕು, ಅದರ ಅರ್ಥವನ್ನು ಹೇಗೆ ವಿವರಿಸಬೇಕು ಎಂಬಲ್ಲಿ ನಿಂತಿದ್ದೇನೆ.

ಮೊದಲನೆಯದು ಇಳುವರಿ. ನಮ್ಮದೇ ತೋಟದಲ್ಲಿ ಫಸಲು ಕೊಡುವ ಮರಗಳು ಸುಮಾರು 600 ಇವೆ. ಅವುಗಳಲ್ಲಿ 12 ಮರಗಳಿಗೆ ಚೀಟಿ ಎತ್ತಿ, ಆ ಮರಗಳ ಎಲ್ಲ ಕೊಯ್ಲುಗಳ ಹಸಿ ಅಡಿಕೆಯನ್ನೂ ಬೇರೆಯಾಗಿ ತೂಗಿ ಕೂಡಿಸಿದೆ. ಕಿಲೋ ಲೆಕ್ಕದಲ್ಲಿ ಬಂದದ್ದು ಇಷ್ಟು: 9.5, 12.0, 7.8, 14.2, 10.6, 11.3, 8.9, 13.1, 10.2, 6.4, 12.7, 9.3. ಸರಾಸರಿ 10.5, ಮಾನಕ ವಿಚಲನೆ (ಮರದಿಂದ ಮರಕ್ಕೆ ಇರುವ ಏರಿಳಿತದ ಅಳತೆ) 2.28. ಝಡ್ ಕೋಷ್ಟಕದ 1.96 ಬಳಸಿದರೆ 95 ಶೇಕಡಾ ವಿಶ್ವಾಸಾಂತರ (ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ಮಾದರಿಯಿಂದ ಅಂದಾಜಿಸಿದ ವ್ಯಾಪ್ತಿ) 9.21ರಿಂದ 11.79 ಆಗುತ್ತದೆ. ಟಿ ಕೋಷ್ಟಕದ 2.201 ಬಳಸಿದರೆ 9.05ರಿಂದ 11.95 ಆಗುತ್ತದೆ. ಇವೆರಡರಲ್ಲಿ ಯಾವುದು ಸರಿ? ತೋಟದ ನೂರಕ್ಕೆ 95 ಮರಗಳ ಇಳುವರಿ ಈ ಎರಡು ಅಂಕಿಗಳ ನಡುವೆ ಇರುತ್ತದೆ ಎಂದು ನನ್ನ ಸಹಪಾಠಿಯೊಬ್ಬರು ಹೇಳುತ್ತಾರೆ. ಅದು ಸರಿಯೇ?

ಎರಡನೆಯದು ಕೊಳೆ ರೋಗ. ಮಳೆಗಾಲದಲ್ಲಿ ಎಂಟು ತೋಟಗಳಿಗೆ ಹೋಗಿ, ಒಂದೊಂದರಲ್ಲಿ 30 ಮರಗಳನ್ನು ನೋಡಿ, ಒಂದು ಕೊನೆಗಾದರೂ (ಅಡಿಕೆ ಗೊನೆಗಾದರೂ) ಕೊಳೆ ತಗುಲಿದ ಮರಗಳನ್ನು ಎಣಿಸಿದೆ. ತೋಟವಾರು ಎಣಿಕೆ 2, 3, 4, 5, 6, 8, 14, 18. ಒಟ್ಟು 240 ಮರಗಳಲ್ಲಿ 60, ಅಂದರೆ 25 ಶೇಕಡಾ. ಪಠ್ಯದ ಸೂತ್ರದಂತೆ ವಿಶ್ವಾಸಾಂತರ 19.5ರಿಂದ 30.5 ಶೇಕಡಾ ಬಂತು. ಆದರೆ 30ರಲ್ಲಿ ಎರಡೇ ಮರಗಳಿಗೆ ರೋಗವಿದ್ದ ಮೊದಲ ತೋಟವೊಂದಕ್ಕೇ ಅದೇ ಸೂತ್ರ ಹಾಕಿದಾಗ ಕೆಳಗಿನ ಮಿತಿ ಸೊನ್ನೆಗಿಂತ ಕಡಿಮೆ, –2.3 ಶೇಕಡಾ ಎಂದು ಬರುತ್ತಿದೆ. ರೋಗ ಬಂದ ಮರಗಳ ಪ್ರಮಾಣ ಋಣ ಸಂಖ್ಯೆಯಾಗುವುದು ಹೇಗೆ?

ಕೊನೆಯದಾಗಿ, ಐದು ಶೇಕಡಾದೊಳಗಿನ ನಿಖರತೆ ಬೇಕಾದರೆ ಎಷ್ಟು ಮರಗಳನ್ನು ನೋಡಬೇಕಿತ್ತು ಎಂದು ನಮ್ಮ ಮಾರ್ಗದರ್ಶಕರು ಕೇಳಿದ್ದಾರೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಸದಾಶಿವಗಡದ ಮೇಷ್ಟ್ರು (ಕಾರವಾರ)

ತೂಕದ ಅಂಕಿಗಳನ್ನು ಪೂರ್ತಿಯಾಗಿ ಕೊಟ್ಟದ್ದು ಒಳ್ಳೆಯದಾಯಿತು. ಬರಿಯ ಸರಾಸರಿಯನ್ನು ಕೊಟ್ಟು ಪ್ರಶ್ನೆ ಕೇಳುವವರಿಗೆ ಉತ್ತರಿಸುವುದು ಕಷ್ಟ. ನಾನು ಇಳುವರಿಯ ಪ್ರಶ್ನೆಯನ್ನು ಮಾತ್ರ ಎತ್ತಿಕೊಳ್ಳುತ್ತೇನೆ.

ಟಿ ಬಳಸಿದ್ದೇ ಸರಿ. 1.96 ಎಂಬುದು ಸಮಷ್ಟಿಯ ಮಾನಕ ವಿಚಲನೆ, ಅಂದರೆ 600 ಮರಗಳ ಇಳುವರಿಯ ನಿಜವಾದ ಏರಿಳಿತ, ನಮಗೆ ಮೊದಲೇ ಗೊತ್ತಿದ್ದಾಗ ಸಲ್ಲುವ ಅಂಕಿ. ನಿಮಗೆ ಅದು ಗೊತ್ತಿಲ್ಲ, 2.28 ಎಂಬುದನ್ನು ಅದೇ 12 ಮರಗಳಿಂದ ಅಂದಾಜು ಮಾಡಿದ್ದೀರಿ. ಆ ಅಂದಾಜೂ ಒಂದು ಮಾದರಿಯಿಂದ ಇನ್ನೊಂದಕ್ಕೆ ಬದಲಾಗುವಂಥದ್ದು, ಮಾದರಿ ಚಿಕ್ಕದಿದ್ದಷ್ಟೂ ಹೆಚ್ಚು ಬದಲಾಗುವಂಥದ್ದು. ಆ ಹೆಚ್ಚುವರಿ ಅನಿಶ್ಚಿತತೆಗೆ ತೆರಬೇಕಾದ ಬೆಲೆಯೇ 1.96ರ ಬದಲು 2.201. ಡಬ್ಲಿನ್ನಿನ ಗಿನ್ನೆಸ್ ಮದ್ಯ ತಯಾರಿಕಾ ಸಂಸ್ಥೆಯಲ್ಲಿ ಕೆಲಸದಲ್ಲಿದ್ದ ವಿಲಿಯಂ ಗಾಸೆಟ್ ಎದುರಿಸಿದ್ದೂ ಬೆರಳೆಣಿಕೆಯ ಪ್ರಯೋಗಗಳಿಂದ ತೀರ್ಮಾನಕ್ಕೆ ಬರಬೇಕಾದ ಇಂಥದೇ ತೊಡಕನ್ನು. 1908ರಲ್ಲಿ ಅವರು ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ ಲೇಖನದಿಂದಲೇ ಈ ಟಿ ವಿತರಣೆ ಬಂದಿದೆ.

ಹಂತಗಳನ್ನು ಒಮ್ಮೆ ಬಿಡಿಸಿ ನೋಡೋಣ. ಪ್ರತಿ ಮರದ ತೂಕದಿಂದ 10.5 ಕಳೆದು, ಬಂದದ್ದನ್ನು ವರ್ಗ ಮಾಡಿ ಕೂಡಿಸಿದರೆ 57.38 ಆಗುತ್ತದೆ. ಇದನ್ನು 12ರಿಂದಲ್ಲ, 11ರಿಂದ ಭಾಗಿಸಬೇಕು. ವ್ಯತ್ಯಾಸಗಳನ್ನು ಅಳೆಯುತ್ತಿರುವುದು ಅದೇ ಮಾದರಿಯ ಸರಾಸರಿಯಿಂದ, ಮತ್ತು ಆ ವ್ಯತ್ಯಾಸಗಳ ಮೊತ್ತ ಯಾವಾಗಲೂ ಸೊನ್ನೆ. ಆದ್ದರಿಂದ 11 ವ್ಯತ್ಯಾಸಗಳು ಗೊತ್ತಾದರೆ ಹನ್ನೆರಡನೆಯದು ತಾನಾಗಿಯೇ ತೀರ್ಮಾನವಾಗಿಬಿಟ್ಟಿರುತ್ತದೆ. ಭಾಗಿಸಿದಾಗ 5.22, ವರ್ಗಮೂಲ 2.28. ಇದನ್ನು 12ರ ವರ್ಗಮೂಲವಾದ 3.46ರಿಂದ ಭಾಗಿಸಿದರೆ ಮಾನಕ ದೋಷ, ಅಂದರೆ ಮಾದರಿಯಿಂದ ಮಾದರಿಗೆ ಸರಾಸರಿಯಲ್ಲಿ ಆಗುವ ಏರಿಳಿತದ ಅಳತೆ, 0.66 ಕಿಲೋ. ಅದಕ್ಕೆ 2.201 ಗುಣಿಸಿದರೆ 1.45. ಹೀಗೆ 10.5 ± 1.45.

ನಿಮ್ಮ ಸಹಪಾಠಿಯ ಮಾತು ಮಾತ್ರ ಸರಿಯಲ್ಲ. ನಿಮ್ಮ ಪಟ್ಟಿಯನ್ನೇ ಇಟ್ಟುಕೊಂಡು ನೋಡಿ: 9.05ರಿಂದ 11.95ರ ನಡುವೆ ಇರುವುದು 9.5, 10.6, 11.3, 10.2, 9.3, ಹೀಗೆ ಐದೇ ಮರಗಳು. ಉಳಿದ ಏಳು ಹೊರಗಿವೆ. ವಿಶ್ವಾಸಾಂತರವು ಒಂದೊಂದು ಮರದ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದು ಹೇಳುವುದು 600 ಮರಗಳ ಸರಾಸರಿಯ ಬಗ್ಗೆ ಮಾತ್ರ. ಮುಂದೆ ಆರಿಸುವ ಯಾವುದಾದರೂ ಒಂದು ಮರದ ಇಳುವರಿ ಎಲ್ಲಿ ಬಿದ್ದೀತು ಎಂಬುದು ಬೇರೆ ಲೆಕ್ಕ. ಅದಕ್ಕೆ ನಿಮ್ಮ ಅಂಕಿಗಳಿಂದ ಸುಮಾರು 5.3ರಿಂದ 15.7 ಕಿಲೋ ಎಂಬ ಬಹಳ ಅಗಲವಾದ ವ್ಯಾಪ್ತಿ ಸಿಗುತ್ತದೆ.

ಹಾಗಾದರೆ ಆ 95 ಯಾವುದರ ಶೇಕಡಾ? ನಿಮ್ಮ ಹಾಗೆಯೇ ನೂರು ಮಂದಿ ಅದೇ ತೋಟದಲ್ಲಿ, ಅದೇ ವರ್ಷ, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ 12 ಮರಗಳಿಗೆ ಚೀಟಿ ಎತ್ತಿ, ಇದೇ ಕ್ರಮದಲ್ಲಿ ಅಂತರ ಕಟ್ಟಿದರು ಎಂದುಕೊಳ್ಳಿ. ನೂರು ಬೇರೆ ಬೇರೆ ಅಂತರಗಳು ಬರುತ್ತವೆ, ಮತ್ತು ಅವುಗಳಲ್ಲಿ ಸುಮಾರು 95 ತೋಟದ ನಿಜ ಸರಾಸರಿಯನ್ನು ಒಳಗೊಂಡಿರುತ್ತವೆ. ಭರವಸೆ ಇರುವುದು ಕ್ರಮಕ್ಕೆ. ನಿಮ್ಮ ಕೈಯಲ್ಲಿರುವ ಒಂದು ಅಂತರ ಆ 95ರಲ್ಲಿ ಸೇರಿದೆಯೋ ಉಳಿದ ಐದರಲ್ಲಿ ಸೇರಿದೆಯೋ ಎಂಬುದನ್ನು ಕ್ರಮ ಹೇಳಲಾರದು. 1930ರ ದಶಕದಲ್ಲಿ ಈ ಸಿದ್ಧಾಂತವನ್ನು ಕಟ್ಟಿದ ಜೆರ್ಜಿ ನೇಮನ್ ಅವರೂ ಈ ಅಂಶವನ್ನು ಒತ್ತಿ ಹೇಳಿದ್ದಾರೆ. ವರದಿಯಲ್ಲಿ ‘ತೋಟದ ಸರಾಸರಿ ಇಳುವರಿ ಮರವೊಂದಕ್ಕೆ 10.5 ಕಿಲೋ ಹಸಿ ಅಡಿಕೆ ಎಂದು ಅಂದಾಜಿಸಲಾಗಿದೆ. 95 ಶೇಕಡಾ ವಿಶ್ವಾಸಾಂತರ 9.05ರಿಂದ 11.95 ಕಿಲೋ’ ಎಂದು ಬರೆದರೆ ಸಾಕು.

ಇನ್ನೊಂದು ಉಪಯೋಗವನ್ನೂ ಹೇಳಿಬಿಡುತ್ತೇನೆ. ಸರಾಸರಿಯನ್ನೂ ಮಿತಿಗಳನ್ನೂ 600ರಿಂದ ಗುಣಿಸಿದರೆ ಇಡೀ ತೋಟದ ಫಸಲು 63 ಕ್ವಿಂಟಲ್, ವಿಶ್ವಾಸಾಂತರ ಸುಮಾರು 54ರಿಂದ 72 ಕ್ವಿಂಟಲ್ ಎಂದಾಗುತ್ತದೆ. ಹಸಿ ಅಡಿಕೆಯನ್ನು ಮರದ ಮೇಲೆಯೇ ಗುತ್ತಿಗೆಗೆ ಕೊಡುವವರಿಗೆ ಈ 18 ಕ್ವಿಂಟಲ್ ಅಗಲ ಎಷ್ಟು ದೊಡ್ಡದೆಂದು ನಾನು ವಿವರಿಸಬೇಕಾಗಿಲ್ಲ.

ಒಂದು ಎಚ್ಚರಿಕೆ: ಇಷ್ಟು ಚಿಕ್ಕ ಮಾದರಿಯಲ್ಲಿ ಟಿ ಕ್ರಮವು ಮರಗಳ ಇಳುವರಿ ಸರಿಸುಮಾರು ಸಮಮಿತವಾಗಿ ಹಂಚಿದೆ ಎಂಬುದನ್ನು ನೆಚ್ಚಿಕೊಂಡಿರುತ್ತದೆ. ನಿಮ್ಮ 12 ಅಂಕಿಗಳಲ್ಲಿ ಒಂದು ಕಡೆಗೇ ಎಳೆದುಕೊಂಡು ಹೋದಂಥದ್ದು ಕಾಣುವುದಿಲ್ಲ, 6.4 ಎಷ್ಟು ಕೆಳಗಿದೆಯೋ 14.2 ಸುಮಾರಾಗಿ ಅಷ್ಟೇ ಮೇಲಿದೆ. ಈಗಷ್ಟೇ ಫಲಕ್ಕೆ ಬಂದ ಸಸಿಮರಗಳು ತೋಟದ ಒಂದು ಭಾಗದಲ್ಲಿ ಇದ್ದರೆ ಮಾತ್ರ ಅವನ್ನು ಬೇರೆ ಗುಂಪಾಗಿ ಲೆಕ್ಕ ಹಾಕುವುದು ಒಳ್ಳೆಯದು.

ಉತ್ತರ 2: ಅಘನಾಶಿನಿ (ಕುಮಟಾ)

ಋಣ ಸಂಖ್ಯೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಪಠ್ಯದ ಸೂತ್ರ, ಅಂದರೆ ಪ್ರಮಾಣವನ್ನೂ ಒಂದರಿಂದ ಅದನ್ನು ಕಳೆದದ್ದನ್ನೂ ಗುಣಿಸಿ, ಮಾದರಿಯ ಸಂಖ್ಯೆಯಿಂದ ಭಾಗಿಸಿ, ವರ್ಗಮೂಲ ತೆಗೆದು 1.96ರಿಂದ ಗುಣಿಸುವುದು, ದೊಡ್ಡ ಮಾದರಿಗಾಗಿ ಮಾಡಿಕೊಂಡ ಒಂದು ಸರಳೀಕರಣ. ಪ್ರಮಾಣ ಸೊನ್ನೆಗೆ ಅಥವಾ ನೂರಕ್ಕೆ ಹತ್ತಿರವಿದ್ದಾಗ ಮಾದರಿ ಪ್ರಮಾಣದ ಹಂಚಿಕೆ ಒಂದು ಪಕ್ಕಕ್ಕೆ ವಾಲಿಕೊಂಡಿರುತ್ತದೆ. ಸೂತ್ರ ಅದನ್ನು ಗಮನಿಸದೆ ಎರಡೂ ಕಡೆಗೆ ಸಮನಾಗಿ ಚಾಚುವುದರಿಂದ ಕೆಳಗಿನ ತುದಿ ಸೊನ್ನೆಯನ್ನು ದಾಟಿ ಆಚೆ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ರೋಗದ ಮರ ಒಂದೂ ಸಿಗದಿದ್ದರೆ ಆ ಸೂತ್ರ ‘ಸೊನ್ನೆಯಿಂದ ಸೊನ್ನೆ’ ಎಂಬ ಅಂತರವನ್ನು ಕೊಟ್ಟು, ತೋಟದಲ್ಲಿ ರೋಗವೇ ಇಲ್ಲವೆಂದು ಸಾಧಿಸಿದಂತೆ ತೋರಿಸುತ್ತದೆ.

ಎಡ್ವಿನ್ ವಿಲ್ಸನ್ 1927ರಲ್ಲಿ ಸೂಚಿಸಿದ ಕ್ರಮ ಇದಕ್ಕೆ ಉತ್ತಮ ಪರಿಹಾರ. ಅದರ ಹಿಂದಿನ ಆಲೋಚನೆ ಸೊಗಸಾಗಿದೆ. ನಾವು ಕಂಡ ಪ್ರಮಾಣದಿಂದ ಮಾನಕ ದೋಷವನ್ನು ಲೆಕ್ಕ ಹಾಕುವ ಬದಲು, ‘ನಿಜವಾದ ಪ್ರಮಾಣ ಇಷ್ಟಿದ್ದರೆ ನಾನು ಕಂಡದ್ದು ಅದರಿಂದ 1.96 ಮಾನಕ ದೋಷಗಳ ಒಳಗೆ ಬರುತ್ತಿತ್ತೇ?’ ಎಂದು ಸಾಧ್ಯವಿರುವ ಪ್ರತಿ ಪ್ರಮಾಣವನ್ನೂ ಪರೀಕ್ಷಿಸಿ, ಹೌದೆಂದು ಉತ್ತರ ಬಂದವನ್ನೆಲ್ಲ ಉಳಿಸಿಕೊಳ್ಳುವುದು. ಸೊನ್ನೆಗಿಂತ ಕಡಿಮೆ ಪ್ರಮಾಣವನ್ನು ಪರೀಕ್ಷಿಸುವ ಪ್ರಶ್ನೆಯೇ ಏಳದ ಕಾರಣ ಋಣ ಸಂಖ್ಯೆ ಬರಲಾರದು. 30ರಲ್ಲಿ 2ಕ್ಕೆ ಈ ಕ್ರಮ ಕೊಡುವ ವಿಶ್ವಾಸಾಂತರ 1.8ರಿಂದ 21.3 ಶೇಕಡಾ. ಗಮನಿಸಿ, ಕಂಡ ಪ್ರಮಾಣ 6.7, ಅಂತರ ಅದರ ಕೆಳಗೆ ಸ್ವಲ್ಪವೇ ಇಳಿದು ಮೇಲಕ್ಕೆ ಬಹಳ ಏರಿದೆ. ಇರಬೇಕಾದದ್ದೂ ಹಾಗೆಯೇ.

ಕೈಯಲ್ಲೇ ಲೆಕ್ಕ ಹಾಕುವವರಿಗೆ ಅಗ್ರೆಸ್ಟಿ ಮತ್ತು ಕೌಲ್ 1998ರಲ್ಲಿ ಹೇಳಿದ ಒಂದು ಸುಲಭ ದಾರಿ ಇದೆ: ರೋಗದ ಮರಗಳಿಗೆ ಎರಡನ್ನೂ ಆರೋಗ್ಯವಂತ ಮರಗಳಿಗೆ ಎರಡನ್ನೂ ಸೇರಿಸಿಕೊಂಡು ಹಳೆಯ ಸೂತ್ರವನ್ನೇ ಬಳಸುವುದು. ಇಲ್ಲಿ 34ರಲ್ಲಿ 4 ಎಂದಾಗಿ, ಅಂತರ 0.9ರಿಂದ 22.6 ಶೇಕಡಾ ಬರುತ್ತದೆ. ಇಲ್ಲದ ಮರಗಳನ್ನು ಲೆಕ್ಕಕ್ಕೆ ಸೇರಿಸುವುದು ಮೋಸದಂತೆ ಕಂಡರೂ ಫಲಿತಾಂಶ ವಿಲ್ಸನ್ ಕ್ರಮಕ್ಕೆ ಸಾಕಷ್ಟು ಹತ್ತಿರವಿರುತ್ತದೆ. ಇನ್ನು 30 ಮರಗಳಲ್ಲಿ ಒಂದಕ್ಕೂ ರೋಗ ಕಾಣದಿದ್ದರೆ, ಮೂರನ್ನು 30ರಿಂದ ಭಾಗಿಸಿ, 95 ಶೇಕಡಾ ವಿಶ್ವಾಸದ ಮೇಲ್ಮಿತಿ ಸುಮಾರು 10 ಶೇಕಡಾ ಎಂದು ಬರೆಯಬಹುದು.

240 ಮರಗಳ ಒಟ್ಟು ಲೆಕ್ಕಕ್ಕೆ ಈ ತಿದ್ದುಪಡಿಗಳ ಅಗತ್ಯ ಬೀಳುವುದಿಲ್ಲ. ರೋಗದ ಮರಗಳೂ ಉಳಿದವೂ ಸಾಕಷ್ಟಿರುವುದರಿಂದ 19.5ರಿಂದ 30.5 ಎಂಬ ನಿಮ್ಮ ಉತ್ತರವನ್ನು ಹಾಗೆಯೇ ಇಟ್ಟುಕೊಳ್ಳಬಹುದು ಎಂದು ನನ್ನ ಅಭಿಪ್ರಾಯ.

ಉತ್ತರ 3: ಬಂದರುಕಟ್ಟೆ (ಕಾರವಾರ)

ಅಘನಾಶಿನಿಯವರ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ಈ ಸಮೀಕ್ಷೆಯ ಮುಖ್ಯ ತೊಡಕು ಇರುವುದೇ ಅಲ್ಲಿ.

ಬೈತಖೋಲ್ ಬಂದರಿನಲ್ಲಿ ಬಂಗಡೆಯ ಉದ್ದ ಅಳೆಯುವ ಕೆಲಸವನ್ನು ಹತ್ತಿರದಿಂದ ನೋಡಿದವನು ನಾನು. ಒಂದೇ ದೋಣಿಯ ಒಂದೇ ಬುಟ್ಟಿಯಿಂದ 200 ಮೀನು ಎತ್ತಿ ಅಳೆದರೆ 200 ಅಂಕಿಗಳು ಸಿಗುತ್ತವೆ ನಿಜ, ಆದರೆ ಸಮುದ್ರದ ಬಂಗಡೆಯ ಬಗ್ಗೆ ಅಷ್ಟು ತಿಳಿವಳಿಕೆ ಸಿಗುವುದಿಲ್ಲ. ಬಂಗಡೆ ಹಿಂಡಾಗಿ ತಿರುಗುವ ಮೀನು, ಒಂದು ಹಿಂಡಿನಲ್ಲಿ ಇರುವವು ಹೆಚ್ಚುಕಡಿಮೆ ಒಂದೇ ಗಾತ್ರದವು, ಬಲೆಗೆ ಬೀಳುವುದೂ ಹಿಂಡಾಗಿಯೇ. ಮೊದಲ ಹತ್ತು ಮೀನುಗಳನ್ನು ಅಳೆಯುವಷ್ಟರಲ್ಲಿ ಆ ಬುಟ್ಟಿ ಹೇಳಬೇಕಾದದ್ದನ್ನು ಬಹುಪಾಲು ಹೇಳಿ ಮುಗಿಸಿರುತ್ತದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ದೇಶದ ಕರಾವಳಿಯ ಮೀನು ಇಳುವರಿಯನ್ನು ಅಂದಾಜಿಸಲು ಬಳಸುವುದು ಸ್ತರೀಕೃತ ಬಹುಹಂತದ ಯಾದೃಚ್ಛಿಕ ಮಾದರಿಯನ್ನು, ಅಂದರೆ ಗುಂಪುಗಳಾಗಿ ವಿಂಗಡಿಸಿ ಹಂತಹಂತವಾಗಿ ಚೀಟಿ ಎತ್ತಿದಂತೆ ಆರಿಸುವ ಕ್ರಮವನ್ನು. ಅಲ್ಲಿ ಮೀನು ಇಳಿಸುವ ಕೇಂದ್ರಗಳು, ದಿನಗಳು, ದೋಣಿಗಳು ಇವೆಲ್ಲವೂ ಆಯ್ಕೆಯ ಹಂತಗಳು.

ಕೊಳೆ ರೋಗವೂ ಅಂಥದೇ. ಈ ರೋಗ ತರುವ ಸೂಕ್ಷ್ಮಜೀವಿ ಫೈಟೋಫ್ತೊರಾ ಮಳೆ ಹನಿಯ ಜೊತೆ, ಗಾಳಿಯ ಜೊತೆ ಒಂದು ಕೊನೆಯಿಂದ ಪಕ್ಕದ ಕೊನೆಗೆ ಹರಡುತ್ತದೆ. ಒಂದು ತೋಟದ ಮರಗಳಿಗೆಲ್ಲ ಬೋರ್ಡೋ (ಕೊಳೆ ತಡೆಯಲು ಸಿಂಪಡಿಸುವ ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದದ್ದು ಒಂದೇ ವಾರದಲ್ಲಿ. ತಪ್ಪಿದ್ದರೆ ಎಲ್ಲಕ್ಕೂ ಒಟ್ಟಿಗೇ ತಪ್ಪಿರುತ್ತದೆ. ಹಾಗಾಗಿ ಒಂದೇ ತೋಟದ 30 ಮರಗಳು ಒಂದಕ್ಕೊಂದು ಸಂಬಂಧವಿಲ್ಲದ 30 ಸಾಕ್ಷಿಗಳಲ್ಲ. ಬೆಟ್ಟದಂಚು ಅವರ ಎಣಿಕೆಯೇ ಅದನ್ನು ಹೇಳುತ್ತದೆ: ಎಂಟು ತೋಟಗಳ ಪ್ರಮಾಣ 6.7 ಶೇಕಡಾದಿಂದ 60 ಶೇಕಡಾವರೆಗೆ ಹರಡಿದೆ. ಎಲ್ಲ ತೋಟಗಳಲ್ಲೂ ನಿಜ ಪ್ರಮಾಣ 25 ಶೇಕಡಾವೇ ಇದ್ದಿದ್ದರೆ, 30 ಮರಗಳ ಎಣಿಕೆ ಹೆಚ್ಚಾಗಿ 3ರಿಂದ 12ರೊಳಗೆ ಇರುತ್ತಿತ್ತು. 18 ಬರುವುದು ತೀರ ಅಪರೂಪ.

ಆದ್ದರಿಂದ ಇಲ್ಲಿ ಲೆಕ್ಕದ ಘಟಕ ಮರವಲ್ಲ, ತೋಟ. ಎಂಟು ತೋಟಗಳ ಎಣಿಕೆಯನ್ನು ಎಂಟು ಅಂಕಿಗಳೆಂದು ಹಿಡಿದು, ಮೇಷ್ಟ್ರು ಇಳುವರಿಗೆ ತೋರಿಸಿದ ಟಿ ಕ್ರಮವನ್ನೇ ಇವುಗಳಿಗೂ ಅನ್ವಯಿಸಿ. ಎಣಿಕೆಯ ಸರಾಸರಿ 7.5. ವ್ಯತ್ಯಾಸಗಳ ವರ್ಗಗಳ ಮೊತ್ತ 224, ಏಳರಿಂದ ಭಾಗಿಸಿದರೆ 32, ವರ್ಗಮೂಲ 5.66, ಅದನ್ನು ಎಂಟರ ವರ್ಗಮೂಲದಿಂದ ಭಾಗಿಸಿದರೆ ಮಾನಕ ದೋಷ ಸರಿಯಾಗಿ 2 ಮರಗಳು. 30ಕ್ಕೆ 2 ಎಂದರೆ 6.67 ಶೇಕಡಾ. ಏಳು ಡಿಗ್ರೀಸ್ ಆಫ್ ಫ್ರೀಡಂಗೆ (ಎಂಟು ಅಂಕಿಗಳಲ್ಲಿ ಒಂದು ಕಳೆದದ್ದು) ಟಿ ಅಂಕಿ 2.365. ಗುಣಿಸಿದರೆ 15.8. ಅಂದರೆ ವಿಶ್ವಾಸಾಂತರ ಸುಮಾರು 9ರಿಂದ 41 ಶೇಕಡಾ.

19.5ರಿಂದ 30.5 ಎಲ್ಲಿ, 9ರಿಂದ 41 ಎಲ್ಲಿ! ಎರಡು ಮಾನಕ ದೋಷಗಳ ವರ್ಗಗಳನ್ನು ಹೋಲಿಸಿದರೆ ಎರಡನೆಯದು ಸುಮಾರು 5.7 ಪಟ್ಟು ದೊಡ್ಡದು. ಸಮೀಕ್ಷೆಯ ಪರಿಭಾಷೆಯಲ್ಲಿ ಇದನ್ನು ಡಿಸೈನ್ ಎಫೆಕ್ಟ್ ಎನ್ನುತ್ತಾರೆ. 240ನ್ನು 5.7ರಿಂದ ಭಾಗಿಸಿದರೆ 42. ನೀವು ನೋಡಿದ 240 ಮರಗಳು ಪ್ರದೇಶದಾದ್ಯಂತ ಬಿಡಿಬಿಡಿಯಾಗಿ ಆರಿಸಿದ ಸುಮಾರು 42 ಮರಗಳಷ್ಟು ಮಾತ್ರ ತಿಳಿವಳಿಕೆ ಕೊಟ್ಟಿವೆ.

ಎಂಟೇ ತೋಟಗಳಿರುವುದರಿಂದಲೂ, ಎರಡು ತೋಟಗಳು ಉಳಿದವುಗಳಿಂದ ಬಹಳ ಮೇಲಿರುವುದರಿಂದಲೂ 9ರಿಂದ 41 ಎಂಬುದೂ ಸ್ಥೂಲವಾದ ಅಂತರವೇ. ಆದರೆ 240 ಮರಗಳನ್ನು ಒಂದೇ ರಾಶಿ ಮಾಡಿ ಕಟ್ಟಿದ ಅಂತರಕ್ಕಿಂತ ಇದು ನಂಬಲರ್ಹ.

ಬೆಟ್ಟದಂಚು (ಶಿರಸಿ)

ಮೂವರಿಗೂ ಧನ್ಯವಾದಗಳು. ಬಂದರುಕಟ್ಟೆಯವರ ಲೆಕ್ಕವನ್ನು ಮತ್ತೆ ಮಾಡಿ ನೋಡಿದೆ, ಹಾಗೆಯೇ ಬರುತ್ತದೆ. 14 ಮತ್ತು 18 ಬಂದ ಎರಡೂ ತೋಟಗಳು ಹಳ್ಳದ ಪಕ್ಕದ ತಗ್ಗಿನಲ್ಲಿವೆ, ಬಿಸಿಲು ಕಡಿಮೆ, ಬಸಿಗಾಲುವೆಯೂ ಸರಿಯಿಲ್ಲ. ಅವೆರಡನ್ನು ಬೇರೆ ಗುಂಪು ಮಾಡಿ, ಉಳಿದ ಆರಕ್ಕೆ ಬೇರೆ ಅಂತರ ಕಟ್ಟಿದರೆ ಅಗಲ ಕಡಿಮೆಯಾಗುವುದಿಲ್ಲವೇ? ತೋಟಗಳು ಒಂದೇ ಗಾತ್ರದವಲ್ಲ, 200 ಮರಗಳ ತೋಟವೂ ಇದೆ, 1,500 ಮರಗಳದ್ದೂ ಇದೆ, ಅದರಿಂದ ತೊಂದರೆಯಿದೆಯೇ?

ಉತ್ತರ 4: ಬಂದರುಕಟ್ಟೆ (ಕಾರವಾರ)

ಗುಂಪು ಮಾಡುವುದು ಒಳ್ಳೆಯ ಉಪಾಯವೇ, ಆದರೆ ಅದನ್ನು ಎಣಿಕೆಗೆ ಮೊದಲು ನಿಶ್ಚಯಿಸಬೇಕು. ರೋಗ ಹೆಚ್ಚು ಕಂಡ ತೋಟಗಳನ್ನು ನೋಡಿದ ಮೇಲೆ, ಅವುಗಳಿಗೆ ಹೊಂದುವ ಲಕ್ಷಣ ಹುಡುಕಿ ಬೇರೆ ಇಟ್ಟರೆ, ಅಗಲ ಕಡಿಮೆಯಾಗುವುದು ಖಂಡಿತ. ಆದರೆ ಆ 95ಕ್ಕೆ ಆಧಾರ ಉಳಿಯುವುದಿಲ್ಲ. ಮುಂದಿನ ಮಳೆಗಾಲಕ್ಕೆ ಮೊದಲೇ ಊರಿನ ತೋಟಗಳ ಪಟ್ಟಿಯನ್ನು ತಗ್ಗಿನವು, ಇಳಿಜಾರಿನವು ಎಂದು ವಿಂಗಡಿಸಿ, ಎರಡರಿಂದಲೂ ಬೇರೆ ಬೇರೆಯಾಗಿ ಚೀಟಿ ಎತ್ತಿ. ಆಮೇಲೆ ಪ್ರತಿ ಗುಂಪಿನ ಫಲಿತಾಂಶವನ್ನು ಆ ಗುಂಪಿನಲ್ಲಿರುವ ಮರಗಳ ಪಾಲಿಗೆ ತಕ್ಕಂತೆ ತೂಗಿ ಕೂಡಿಸಬೇಕು.

ಗಾತ್ರದ ವಿಷಯ ಮುಖ್ಯವಾದದ್ದು. ನೀವು ಪ್ರತಿ ತೋಟದಿಂದ ಸಮನಾಗಿ 30 ಮರಗಳನ್ನು ನೋಡಿದ್ದರಿಂದ, 25 ಶೇಕಡಾ ಎಂಬುದು ತೋಟಗಳ ಪ್ರಮಾಣದ ಸರಾಸರಿಯಾಯಿತು, ಊರಿನ ಮರಗಳಲ್ಲಿ ರೋಗ ತಗುಲಿದವುಗಳ ಪ್ರಮಾಣವಾಗಲಿಲ್ಲ. 200 ಮರಗಳ ತೋಟಕ್ಕೂ 1,500 ಮರಗಳ ತೋಟಕ್ಕೂ ಒಂದೇ ಬೆಲೆ ಸಿಕ್ಕಿದೆ. ಮರಗಳ ಪ್ರಮಾಣವೇ ಬೇಕಾದರೆ ಪ್ರತಿ ತೋಟದ ಪ್ರಮಾಣವನ್ನು ಅದರ ಮರಗಳ ಸಂಖ್ಯೆಯಿಂದ ಗುಣಿಸಿ, ಕೂಡಿಸಿ, ಒಟ್ಟು ಮರಗಳಿಂದ ಭಾಗಿಸಬೇಕು. ರೋಗ ಹೆಚ್ಚಿದ್ದ ಎರಡು ತೋಟಗಳು ಚಿಕ್ಕವಾಗಿದ್ದರೆ ಉತ್ತರ 25ಕ್ಕಿಂತ ಸಾಕಷ್ಟು ಕೆಳಗೆ ಇಳಿದೀತು.

ಉತ್ತರ 5: ತೋಟದ ದಾರಿ (ಸಿದ್ದಾಪುರ)

ನಾನು ಸಂಖ್ಯಾಶಾಸ್ತ್ರ ಓದಿದವನಲ್ಲ, ಅಡಿಕೆ ಬೆಳೆಗಾರ. ಚರ್ಚೆಯನ್ನು ಆಸಕ್ತಿಯಿಂದ ಓದಿದೆ. ಒಂದು ಸಂದೇಹವಿದೆ: ತೋಟದೊಳಗೆ ಆ 30 ಮರಗಳನ್ನು ಹೇಗೆ ಆರಿಸಿದಿರಿ, ಮತ್ತು ಕೊಳೆ ಬಂದಿದೆ ಎಂದು ಹೇಗೆ ತೀರ್ಮಾನಿಸಿದಿರಿ ಎಂಬುದನ್ನು ಯಾರೂ ಕೇಳಲಿಲ್ಲ.

ಕೊನೆಗೌಡರು, ಅಂದರೆ ಮರ ಹತ್ತಿ ಅಡಿಕೆ ಕೊಯ್ಯುವವರು, ಒಮ್ಮೆ ಮರ ಹತ್ತಿದರೆ ಪ್ರತಿ ಮರಕ್ಕೂ ಇಳಿದು ಹತ್ತುವುದಿಲ್ಲ. ಮೇಲಿಂದಲೇ ಪಕ್ಕದ ಮರಕ್ಕೆ ದಾಟಿಕೊಂಡು ಹೋಗುತ್ತಾರೆ. ಅವರ ಕಣ್ಣಿನಿಂದ ನೋಡಿಸಿದ್ದರೆ ನಿಮ್ಮ 30 ಮರಗಳು ಒಂದೇ ಸಾಲಿನ ನೆರೆಹೊರೆಯವು. ನೆಲದಲ್ಲೇ ನಿಂತು ನೋಡಿದ್ದರೆ ಕಾಲುದಾರಿಯ ಪಕ್ಕದವೇ ಹೆಚ್ಚಾಗಿರುತ್ತವೆ, ಮತ್ತು ದಾರಿಯ ಪಕ್ಕದಲ್ಲಿ ಬಿಸಿಲೂ ಗಾಳಿಯೂ ಹೆಚ್ಚು ಆಡುವುದರಿಂದ ಕೊಳೆ ಕಡಿಮೆ. ಬುಡದಲ್ಲಿ ಉದುರಿದ ಕಾಯಿ ನೋಡಿ ಎಣಿಸಿದ್ದರೆ ಇನ್ನೊಂದು ತೊಡಕು: ಜೋರು ಮಳೆಯ ನೀರು ಉದುರು ಕಾಯಿಯನ್ನು ಮೇಲಿನ ಮರದ ಬುಡದಿಂದ ಕೆಳಗಿನ ಮರದ ಬುಡಕ್ಕೆ ತಳ್ಳಿಕೊಂಡು ಬಂದಿರುತ್ತದೆ. ತೊಟ್ಟಿನ ಹತ್ತಿರ ನೀರು ಹಿಡಿದಂತಹ ಕಲೆ, ಅದರ ಮೇಲೆ ಬಿಳಿಯ ಬೂಸ್ಟು ಇದ್ದರೆ ಕೊಳೆ; ಬೇರೆ ಕಾರಣಕ್ಕೆ ಉದುರಿದ ಕಾಯಿಯನ್ನೂ ಕೊಳೆಯೆಂದೇ ಬರೆದುಕೊಂಡರೆ ಪ್ರಮಾಣ ಏರಿಬಿಡುತ್ತದೆ. ಇವೆಲ್ಲ ಆ ಅಂತರದೊಳಗೆ ಬರುತ್ತವೆಯೇ?

ಉತ್ತರ 6: ಸದಾಶಿವಗಡದ ಮೇಷ್ಟ್ರು (ಕಾರವಾರ)

ಬರುವುದಿಲ್ಲ. ತೋಟದ ದಾರಿಯವರ ಪ್ರಶ್ನೆ ಇಲ್ಲಿನ ಎಲ್ಲ ಪ್ರಶ್ನೆಗಳಿಗಿಂತ ಹರಿತವಾದದ್ದು. ಯಾದೃಚ್ಛಿಕವಾಗಿ ಆರಿಸುವಾಗ ಈ ಮರದ ಬದಲು ಆ ಮರ ಸಿಕ್ಕಿದ್ದರೆ ಉತ್ತರ ಎಷ್ಟು ಬದಲಾಗುತ್ತಿತ್ತು ಎಂಬುದನ್ನು ಮಾತ್ರ ವಿಶ್ವಾಸಾಂತರ ಅಳೆಯುತ್ತದೆ. ದಾರಿಯ ಪಕ್ಕದ ಮರಗಳನ್ನೇ ಸಾವಿರ ನೋಡಿದರೆ ಅಂತರ ಬಹಳ ಕಿರಿದಾಗುತ್ತದೆ, ಆದರೆ ಅದು ಸುತ್ತುವರಿದಿರುವುದು ದಾರಿಯ ಪಕ್ಕದ ಮರಗಳ ಪ್ರಮಾಣವನ್ನು.

ನಮ್ಮ ದೇಶದ ಬೆಳೆ ಸಮೀಕ್ಷೆಯ ಇತಿಹಾಸದಲ್ಲೇ ಇದಕ್ಕೆ ದೊಡ್ಡ ಉದಾಹರಣೆಯಿದೆ. ಬೆಳೆ ಕೊಯ್ದು ಇಳುವರಿ ಅಂದಾಜಿಸಲು ಎಷ್ಟು ದೊಡ್ಡ ತುಂಡು ಜಾಗ ಬೇಕೆಂಬ ವಿಷಯದಲ್ಲಿ 1940ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಮಹಲನೋಬಿಸ್ ಮತ್ತು ಸುಖಾತ್ಮೆ ಅವರ ನಡುವೆ ಭಿನ್ನಾಭಿಪ್ರಾಯವಿತ್ತು. ತುಂಡು ತೀರ ಚಿಕ್ಕದಾದರೆ ಗಡಿಯ ಮೇಲೆ ನಿಂತ ಗಿಡಗಳನ್ನು ಕೊಯ್ಯುವವರು ಒಳಗೆ ಸೇರಿಸಿಕೊಳ್ಳುವ ಕಡೆಗೇ ವಾಲುತ್ತಾರೆ, ಇಳುವರಿ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ ಎಂದು ಸುಖಾತ್ಮೆ ತೋರಿಸಿದರು. ಸಾವಿರಾರು ತುಂಡುಗಳನ್ನು ಕೊಯ್ದರೂ ಆ ವಾಲಿಕೆ ಸರಿಹೋಗದು.

ಮರ ಆರಿಸಲು ನನ್ನ ಸಲಹೆ ಹೀಗೆ. ತೋಟದ ಮೂಲೆಯೊಂದರಿಂದ ಸಾಲಿನ ಪ್ರಕಾರ ಎಣಿಸುತ್ತಾ ಹೋಗಿ, 600 ಮರಗಳಲ್ಲಿ 10 ಬೇಕಾದರೆ 1ರಿಂದ 60ರೊಳಗೆ ಒಂದು ಸಂಖ್ಯೆಗೆ ಚೀಟಿ ಎತ್ತಿ, ಅಲ್ಲಿಂದ ಪ್ರತಿ ಅರವತ್ತನೆಯ ಮರವನ್ನು ನೋಡಿ. ಆದರೆ ಸಾಲಿನ ಮರಗಳ ಸಂಖ್ಯೆ ಮತ್ತು 60 ಒಂದಕ್ಕೊಂದು ಹೊಂದಿಕೊಂಡರೆ, ಉದಾಹರಣೆಗೆ ಸಾಲಿಗೆ 20 ಮರಗಳಿದ್ದರೆ, ಪ್ರತಿ ಬಾರಿಯೂ ಸಾಲಿನ ಅದೇ ಜಾಗದ, ಬಹುಶಃ ಬಸಿಗಾಲುವೆಯ ಪಕ್ಕದ ಮರವೇ ಬರುತ್ತದೆ. ಅಂಥ ಕಡೆ 59 ಅಥವಾ 61ರ ಹೆಜ್ಜೆ ಇಟ್ಟರೆ ಆಯಿತು.

ಇನ್ನು ಮಾರ್ಗದರ್ಶಕರ ಪ್ರಶ್ನೆ. ಪಠ್ಯದ ಪ್ರಕಾರ ಐದು ಶೇಕಡಾ ಅಂಚಿಗೆ (ಅಂದಾಜಿನ ಎರಡೂ ಕಡೆ ± 5), ಪ್ರಮಾಣ ಏನೂ ಗೊತ್ತಿಲ್ಲದಿದ್ದರೆ 385 ಮರಗಳು. 25ರ ಆಸುಪಾಸು ಎಂದು ಗೊತ್ತಿದ್ದರೆ 289. ಮರಗಳನ್ನು ಪ್ರದೇಶದ ತುಂಬ ಬಿಡಿಬಿಡಿಯಾಗಿ ಆರಿಸಿದಾಗ ಮಾತ್ರ ಇದು ನಿಜ. ತೋಟಕ್ಕೆ 30ರಂತೆ ನೋಡಿದರೆ ಬಂದರುಕಟ್ಟೆಯವರ 5.7ರಿಂದ ಗುಣಿಸಬೇಕು, ಸುಮಾರು 1,650 ಮರಗಳಾಗುತ್ತವೆ; 55 ತೋಟಗಳು! ಅದರ ಬದಲು ತೋಟಗಳನ್ನು ಹೆಚ್ಚಿಸಿ, ತೋಟದೊಳಗಿನ ಮರಗಳನ್ನು ಕಡಿಮೆ ಮಾಡಿ. ನಿಮ್ಮ ಅಂಕಿಗಳಿಂದ ಒಂದೇ ತೋಟದ ಎರಡು ಮರಗಳ ನಡುವಿನ ಸಾಮ್ಯ ಸುಮಾರು 0.16 ಎಂದು ಬರುತ್ತದೆ. ತೋಟಕ್ಕೆ 10 ಮರಗಳಾದರೆ ಆ 5.7 ಎಂಬ ಗುಣಕ, ಒಂದಕ್ಕೆ ಒಂಬತ್ತು ಸಲ 0.16 ಸೇರಿಸಿದಂತೆ, 2.4ಕ್ಕೆ ಇಳಿಯುತ್ತದೆ. ಅದೇ 240 ಮರಗಳನ್ನು 24 ತೋಟಗಳಿಂದ ನೋಡಿದ್ದರೆ ಅಂಚು 15.8 ಶೇಕಡಾದಿಂದ ಸುಮಾರು 9ಕ್ಕೆ ಬರುತ್ತಿತ್ತು. ಓಡಾಟ ಹೆಚ್ಚು, ಎಣಿಕೆ ಅಷ್ಟೇ.

ಇಳುವರಿಯ ಅಂಚನ್ನು ಒಂದು ಕಿಲೋಗೆ ಇಳಿಸಲು 23 ಮರಗಳು ಸಾಕು, ಅರ್ಧ ಕಿಲೋಗೆ ಇಳಿಸಲು 80ಕ್ಕೂ ಹೆಚ್ಚು ಬೇಕು. ಅಗಲ ಅರ್ಧವಾಗಲು ಮಾದರಿ ನಾಲ್ಕು ಪಟ್ಟಾಗಬೇಕು. 600 ಮರಗಳ ತೋಟದಲ್ಲಿ 80 ಮರಗಳ ಕೊನೆಯನ್ನು ಬೇರೆ ಇಟ್ಟು ತೂಗುವ ತಾಳ್ಮೆ ಕೊಯ್ಲಿನ ದಿನ ಯಾರಿಗಿರುತ್ತದೆ ಎಂಬುದನ್ನೂ ಯೋಚಿಸಿ.

ಬೆಟ್ಟದಂಚು (ಶಿರಸಿ)

ಬಹಳ ಸ್ಪಷ್ಟವಾಯಿತು. ವರದಿಯಲ್ಲಿ 9ರಿಂದ 41 ಶೇಕಡಾ ಎಂಬುದನ್ನೇ ಬರೆದು, ಮರಗಳನ್ನು ಆರಿಸಿದ ಬಗೆಯನ್ನೂ ವಿವರಿಸುತ್ತೇನೆ. ಮುಂದಿನ ಮಳೆಗಾಲದಲ್ಲಿ 24 ತೋಟಗಳಿಗೆ ಚೀಟಿ ಎತ್ತುವ ಯೋಚನೆಯಿದೆ. ಒಂದು ಉಳಿದಿದೆ: ತೋಟದ ಯಜಮಾನರು ಒಳಗೆ ಬಿಡಲು ಒಪ್ಪದಿದ್ದರೆ ಪಕ್ಕದ ತೋಟವನ್ನು ತೆಗೆದುಕೊಳ್ಳಬಹುದೇ?

ಉತ್ತರ 7: ಬಂದರುಕಟ್ಟೆ (ಕಾರವಾರ)

ಪಕ್ಕದ ತೋಟವನ್ನು ತೆಗೆದುಕೊಂಡು ಸುಮ್ಮನಿರುವುದು ಬೇಡ. ಒಪ್ಪದವರ ತೋಟ ಒಪ್ಪಿದವರ ತೋಟದಂತೆಯೇ ಇರುತ್ತದೆ ಎನ್ನಲು ಆಧಾರವಿಲ್ಲ. ರೋಗ ಜೋರಾಗಿ ಬಂದು ಮನಸ್ಸು ಕೆಟ್ಟವರೂ ಬೇಡವೆನ್ನಬಹುದು, ತಮ್ಮ ತೋಟಕ್ಕೆ ಏನೂ ಆಗಿಲ್ಲವೆಂದು ಅಸಡ್ಡೆ ಮಾಡುವವರೂ ಬೇಡವೆನ್ನಬಹುದು. ಎಷ್ಟು ತೋಟಗಳು ಸಿಗಲಿಲ್ಲ ಎಂಬುದನ್ನು ಬರೆಯಿರಿ, ಮತ್ತು ಎರಡು ತುದಿಯ ಲೆಕ್ಕವನ್ನೂ ಕೊಡಿ. ಉದಾಹರಣೆಗೆ 24ರಲ್ಲಿ ಮೂರು ತೋಟಗಳು ಸಿಗದೆ, ಉಳಿದ 21ರಲ್ಲಿ ಸರಾಸರಿ 25 ಶೇಕಡಾ ಬಂದಿತೆನ್ನಿ. ಆ ಮೂರರಲ್ಲಿ ರೋಗವೇ ಇಲ್ಲವೆಂದು ಹಿಡಿದರೆ ಒಟ್ಟು 21.9, ಮೂರರಲ್ಲೂ ಎಲ್ಲ ಮರಗಳಿಗೂ ರೋಗವೆಂದು ಹಿಡಿದರೆ 34.4 ಶೇಕಡಾ. ವಿಶ್ವಾಸಾಂತರವನ್ನು ಕಟ್ಟುವುದು ಇದರ ಮೇಲೆ. ಮೂರು ಮನೆಗಳಿಗೆ ಇನ್ನೊಮ್ಮೆ, ಸಾಧ್ಯವಾದರೆ ಆ ಊರಿನ ಪರಿಚಯದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಕೇಳುವುದು ಇವೆರಡು ತುದಿಗಳನ್ನು ಹತ್ತಿರ ತರಲು ಇರುವ ಅಗ್ಗದ ದಾರಿ.